ಹಾಲು ಕರೆದ ಕೈಗೆ ಡೈರಿಯ ವಿದ್ಯೆ

(ಕುದೇರಿನಲ್ಲಿ ಯುವಜನರ ಉದ್ಯೋಗ ಕುರಿತು ನೀಡಿದ ಉಪನ್ಯಾಸದ ಪಠ್ಯ)



ಕುದೇರು ಎಂದೊಡನೆ ಚಾಮರಾಜನಗರ ಜಿಲ್ಲೆಯ ಜನರಿಗೆ ನೆನಪಾಗುವುದು ಹಾಲಿನ ಡೈರಿ. ಮೈಸೂರು ಒಕ್ಕೂಟದಿಂದ ಬೇರೆಯಾದ ಜಿಲ್ಲಾ ಹಾಲು ಒಕ್ಕೂಟದ ನೆಲೆ ಇಲ್ಲಿಯೇ ಇದೆ. ಹಳ್ಳಿಹಳ್ಳಿಯ ಸಂಘಗಳ ಹಾಲು ಇಲ್ಲಿಗೆ ಬಂದು, ಕಾದು, ತಂಪಾಗಿ, ಪೊಟ್ಟಣವಾಗಿ ಹೊರಡುತ್ತದೆ. ಹಾಲು ಕರೆಯುವ ವಿದ್ಯೆ ಈ ಸೀಮೆಯ ಮನೆಮನೆಗೂ ಗೊತ್ತು. ಆದರೆ ಆ ಹಾಲು ಡೈರಿಯ ಬಾಗಿಲು ದಾಟಿದ ಮೇಲೆ ಏನಾಗುತ್ತದೆ ಎಂಬುದು ಹಾಲಿನ ಹಣದಿಂದಲೇ ಓದುತ್ತಿರುವ ಎಷ್ಟು ಮಕ್ಕಳಿಗೆ ತಿಳಿದಿದೆ? ಯುವಜನರ ಉದ್ಯೋಗದ ಪ್ರಶ್ನೆಯನ್ನು ಈ ಬಾಗಿಲಿನಿಂದಲೇ ಆರಂಭಿಸಬಹುದು.

ಹಾಲು ಕೆಡದಿರಬೇಕಾದರೆ ಅದನ್ನು ಬೇಗನೆ ಸುಮಾರು 4 ಡಿಗ್ರಿ ಸೆಲ್ಸಿಯಸ್‌ಗೆ ತಂಪುಗೊಳಿಸಬೇಕು. ಪಾಶ್ಚರೀಕರಣದಲ್ಲಿ ಅದನ್ನು 72 ಡಿಗ್ರಿಯಲ್ಲಿ 15 ಸೆಕೆಂಡು ಕಾಯಿಸಿ ಕೂಡಲೇ ತಣಿಸುತ್ತಾರೆ. ಫ್ರಿಜ್ ಇಲ್ಲದೆಯೂ ತಿಂಗಳುಗಟ್ಟಲೆ ಉಳಿಯುವ ಹಾಲಿಗೆ 135 ಡಿಗ್ರಿಗೂ ಮೇಲಿನ ಶಾಖವನ್ನು ಕೆಲವೇ ಸೆಕೆಂಡು ಕೊಡುತ್ತಾರೆ. ಶಾಖಕ್ಕೆ ಬಾಯ್ಲರ್ ಬೇಕು, ತಂಪಿಗೆ ಶೀತಲ ಯಂತ್ರ ಬೇಕು. ಕೊಳವೆ ಸೋರದಂತೆ ಫಿಟ್ಟರ್, ಮೋಟಾರು ನಿಲ್ಲದಂತೆ ಎಲೆಕ್ಟ್ರಿಷಿಯನ್, ಹಾಲಿನ ಗುಣ ಅಳೆಯಲು ಪ್ರಯೋಗಾಲಯದ ಸಹಾಯಕರು ಬೇಕು. ಯಂತ್ರ ತೊಳೆದ ನೀರು ಹಾಗೆಯೇ ಹಳ್ಳ ಸೇರಿದರೆ ಅದು ಕೊಳೆತು ನೀರಿನ ಪ್ರಾಣವಾಯುವನ್ನು ಹೀರುತ್ತದೆ. ಆದುದರಿಂದ ಯಾವ ಡೈರಿಗಾದರೂ ತ್ಯಾಜ್ಯನೀರನ್ನು ಶುದ್ಧೀಕರಿಸಬಲ್ಲವರು ಅಗತ್ಯ. ಪರಿಸರ ರಕ್ಷಣೆಯೂ ಒಂದು ಕಸುಬು ಎಂಬುದನ್ನು ಇಲ್ಲಿ ಕಣ್ಣಾರೆ ಕಾಣಬಹುದು.

ಈ ಕಸುಬುಗಳಿಗೆ ಶಾಲೆಯ ಪಾಠವೇ ತಳಹದಿ. ಒಂದು ಲೀಟರ್ ಹಾಲು ಸುಮಾರು 1.03 ಕಿಲೋ ತೂಗುತ್ತದೆ. ಹತ್ತು ಲೀಟರ್ ಹಾಲಿನಲ್ಲಿ ಶೇಕಡಾ 4ರಷ್ಟು ಕೊಬ್ಬಿದ್ದರೆ ಕೊಬ್ಬಿನ ತೂಕ 412 ಗ್ರಾಂ. ಕೊಬ್ಬು ಮತ್ತು ಕೊಬ್ಬೇತರ ಘನಾಂಶಗಳ ಮೇಲೆಯೇ ಹಾಲಿನ ಬೆಲೆ ನಿರ್ಧಾರವಾಗುವುದರಿಂದ, ಶೇಕಡಾವಾರು ಲೆಕ್ಕ ಬಲ್ಲ ಮಗಳು ತಾಯಿಗೆ ಬಂದ ಚೀಟಿಯನ್ನು ಪರಿಶೀಲಿಸಬಲ್ಲಳು; ಅದೇ ಲೆಕ್ಕದಿಂದ ಮುಂದೆ ಪ್ರಯೋಗಾಲಯದಲ್ಲಿ ದುಡಿಯಬಲ್ಲಳು. ಗಣಿತದಲ್ಲಿ ಹಿಂದುಳಿದ ಮಗುವಿಗೆ ಅನಂತರ ಎಷ್ಟು ತರಬೇತಿ ಕೊಟ್ಟರೂ ಅದು ಅಡಿಪಾಯವಿಲ್ಲದ ಗೋಡೆಯಂತೆ.

ಎರಡನೆಯ ಮೆಟ್ಟಿಲು ಕೈಗಾರಿಕಾ ತರಬೇತಿ ಸಂಸ್ಥೆ, ಅಂದರೆ ಐಟಿಐ. ಕುಶಲಕರ್ಮಿಗಳ ತರಬೇತಿ ಯೋಜನೆ ದೇಶದಲ್ಲಿ ಆರಂಭವಾದದ್ದು 1950ರಲ್ಲಿ. ಫಿಟ್ಟರ್, ಎಲೆಕ್ಟ್ರಿಷಿಯನ್ ಕಸುಬುಗಳನ್ನು ಅಲ್ಲಿ ಎರಡು ವರ್ಷ ಕಲಿಸುತ್ತಾರೆ. ಆದರೆ ತರಬೇತಿ ಕೊಠಡಿಯ ಯಂತ್ರ ಕೆಟ್ಟರೆ ನಷ್ಟವಾಗುವುದು ಒಂದು ದಿನದ ಪಾಠ. ಡೈರಿಯ ಯಂತ್ರ ಕೆಟ್ಟರೆ ಸಾವಿರಾರು ಲೀಟರ್ ಹಾಲು. ಈ ಹೊಣೆಯ ಅರಿವು ಕೆಲಸದ ಜಾಗದಲ್ಲಿ ಮಾತ್ರ ಬರುತ್ತದೆ. ಅದಕ್ಕಾಗಿಯೇ 1961ರ ಶಿಶಿಕ್ಷು ಕಾಯ್ದೆ ಇದೆ. ಈ ಕಾಯ್ದೆಯ ನಿಯಮಗಳಂತೆ 30 ಅಥವಾ ಹೆಚ್ಚು ಕೆಲಸಗಾರರಿರುವ ಸಂಸ್ಥೆಗಳು ಇಂತಿಷ್ಟು ಪ್ರಮಾಣದಲ್ಲಿ ಅಪ್ರೆಂಟಿಸರನ್ನು ತೆಗೆದುಕೊಂಡು, ಮಾಸಿಕ ಭತ್ಯೆ ಕೊಟ್ಟು ಕಲಿಸಬೇಕು. ಬದನಗುಪ್ಪೆ-ಕೆಲ್ಲಂಬಳ್ಳಿ ಕೈಗಾರಿಕಾ ಪ್ರದೇಶಕ್ಕೆ ಭೂಮಿ ಕೊಟ್ಟ ಊರುಗಳ ಯುವಕರೂ ಈ ಹಕ್ಕನ್ನು ತಿಳಿದಿರಬೇಕು. ಕಾರ್ಖಾನೆಯ ಗೇಟಿನಲ್ಲಿ ನಿಂತು ಕೆಲಸ ಬೇಡುವುದಕ್ಕೂ, ಕಾಯ್ದೆಯ ಹೆಸರು ಹೇಳಿ ಅಪ್ರೆಂಟಿಸ್ ಸ್ಥಾನ ಕೇಳುವುದಕ್ಕೂ ಬಹಳ ಅಂತರವಿದೆ.

ಮನೆಯ ಬಳಿಯೇ ಸ್ವಂತ ಉದ್ಯೋಗ ಮಾಡಬಯಸುವವರಿಗೆ ಮತ್ತೊಂದು ದಾರಿಯಿದೆ. 1982ರಲ್ಲಿ ಉಜಿರೆಯಲ್ಲಿ ಧರ್ಮಸ್ಥಳದ ಸಂಸ್ಥೆಯೂ ಸಿಂಡಿಕೇಟ್, ಕೆನರಾ ಬ್ಯಾಂಕುಗಳೂ ಕೂಡಿ ರುಡ್‌ಸೆಟ್ ಸಂಸ್ಥೆಯನ್ನು ತೆರೆದವು. ಅದರ ಮಾದರಿಯಲ್ಲಿ ಮುಂದೆ ದೇಶದ ಜಿಲ್ಲೆಗಳಲ್ಲಿ ಆರ್‌ಸೆಟಿಗಳು ಹುಟ್ಟಿಕೊಂಡವು. ಅಲ್ಲಿ ಊಟ ವಸತಿಯೊಡನೆ ತರಬೇತಿ ಉಚಿತ. ಆದರೆ ಆ ಮಾದರಿಯ ನಿಜವಾದ ಬಲ ತರಬೇತಿ ಮುಗಿದ ಮೇಲೆ ಕಾಣುತ್ತದೆ: ಕಲಿತವರನ್ನು ಎರಡು ವರ್ಷ ವಿಚಾರಿಸುತ್ತ, ಬ್ಯಾಂಕಿನ ಸಾಲಕ್ಕೆ ದಾರಿ ಮಾಡಿಕೊಡುವುದು ಅದರ ಕ್ರಮ. ಪ್ರಮಾಣಪತ್ರ ಕೊಟ್ಟು, ಛಾಯಾಚಿತ್ರ ತೆಗೆದು ಕಳುಹಿಸಿಬಿಡುವ ಶಿಬಿರಗಳನ್ನು ಈ ಅಳತೆಗೋಲಿನಿಂದಲೇ ಅಳೆಯಬೇಕು.

ಕುದೇರಿನ ಬಯಲಿಗೆ ಹೇಳಿದ ಮಾತು ಪೂರ್ವದ ಬೆಟ್ಟಗಳಿಗೆ ಪೂರ್ತಿ ಹೊಂದುವುದಿಲ್ಲ. ಬಿಳಿಗಿರಿರಂಗನ ಬೆಟ್ಟದಲ್ಲಿ ಡಾ. ಎಚ್. ಸುದರ್ಶನ್ 1981ರಲ್ಲಿ ಆರಂಭಿಸಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಸೋಲಿಗ ಮಕ್ಕಳಿಗೆ ಅಕ್ಷರದ ಜೊತೆಗೆ ಕಸುಬನ್ನೂ ಕಲಿಸಿತು. 1990ರ ದಶಕದಲ್ಲಿ ಅಲ್ಲಿ ಜೇನು ಸಂಸ್ಕರಣೆ, ನೆಲ್ಲಿಕಾಯಿ ಉಪ್ಪಿನಕಾಯಿ ತಯಾರಿಕೆಗಳೂ ನಡೆದವು. ಆದರೆ ವನ್ಯಜೀವಿ ಕಾಯ್ದೆಗೆ 2002ರಲ್ಲಿ ಬಂದ ತಿದ್ದುಪಡಿಯ ನಂತರ ಅಭಯಾರಣ್ಯದೊಳಗೆ ಮಾರಾಟಕ್ಕಾಗಿ ಕಿರು ಅರಣ್ಯ ಉತ್ಪನ್ನ ಸಂಗ್ರಹಿಸುವುದಕ್ಕೆ ತಡೆ ಬಿತ್ತು. ಕೈಯಲ್ಲಿ ವಿದ್ಯೆ ಉಳಿಯಿತು, ಬುಟ್ಟಿ ಬರಿದಾಯಿತು. 2006ರ ಅರಣ್ಯ ಹಕ್ಕು ಕಾಯ್ದೆಯನ್ವಯ ಸೋಲಿಗರ ಸಾಮುದಾಯಿಕ ಹಕ್ಕುಗಳಿಗೆ ಮಾನ್ಯತೆ ಸಿಕ್ಕಿದ್ದು 2011ರಲ್ಲಿ. ಕಚ್ಚಾವಸ್ತುವಿನ ಮೇಲೆ ಹಕ್ಕಿಲ್ಲದವನ ಕೌಶಲ ನೀರಿಲ್ಲದ ಕೆರೆಯ ದೋಣಿಯಂತೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಅದೇ ಜಿಲ್ಲೆಯ ಮಲೆ ಮಹದೇಶ್ವರ ಬೆಟ್ಟದಲ್ಲಿ ಇನ್ನೊಂದು ಪ್ರಯೋಗ ನಡೆದಿದೆ. ಕಾಡನ್ನು ಆಕ್ರಮಿಸಿ ಹುಲ್ಲನ್ನೂ ಸಸಿಗಳನ್ನೂ ನುಂಗುವ ಲಂಟಾನದ ಕಡ್ಡಿಗಳನ್ನು ಬೇಯಿಸಿ, ಸಿಪ್ಪೆ ಸುಲಿದು, ಬಾಗಿಸಿ ಬೆತ್ತದಂತೆ ಕುರ್ಚಿ, ಮೇಜು ಮಾಡುವುದನ್ನು ಏಟ್ರಿ ಸಂಸ್ಥೆ 2000ರ ದಶಕದಲ್ಲಿ ಅಲ್ಲಿನ ಜನರಿಗೆ ಕಲಿಸಿತು. ನೀಲಗಿರಿಯ ಗೂಡಲೂರು ಸೀಮೆಯ ಬುಡಕಟ್ಟು ಕುಶಲಕರ್ಮಿಗಳು ಇದೇ ಗಿಡದಿಂದ ಮಾಡಿದ ಆಳೆತ್ತರದ ಆನೆಗಳು 2021ರಲ್ಲಿ ಲಂಡನ್ನಿನ ಉದ್ಯಾನಗಳಲ್ಲಿ ನಿಂತವು. ಕಾಡಿನ ಕಳೆ ಕಡಿಮೆಯಾಗುವುದು, ಕೈಗೆ ಕೆಲಸ ಸಿಗುವುದು ಎರಡೂ ಒಟ್ಟಿಗೆ ಸಾಧ್ಯ. ಆದರೆ ಕುರ್ಚಿಯನ್ನು ಕೊಳ್ಳುವವರು ಬೆಟ್ಟದ ಮೇಲಿಲ್ಲ. ಬೆಲೆ ಕಟ್ಟುವ, ಪತ್ರ ಬರೆಯುವ, ಸರಕು ಮುಟ್ಟಿಸುವ ವಿದ್ಯೆಯನ್ನೂ ಅದೇ ತರಬೇತಿಯೊಳಗೆ ಸೇರಿಸದಿದ್ದರೆ ಲಾಭ ನಡುವಿನವರ ಪಾಲಾಗುತ್ತದೆ.

ವಿದ್ಯಾರ್ಥಿ ಮಿತ್ರರೇ, ಯಾವುದೇ ತರಬೇತಿಗೆ ಹೆಸರು ಬರೆಸುವ ಮುನ್ನ ನಾಲ್ಕು ಪ್ರಶ್ನೆ ಕೇಳಿರಿ. ಯಂತ್ರವನ್ನು ಸ್ವತಃ ಮುಟ್ಟಿ ಕಲಿಯಲು ದಿನಕ್ಕೆ ಎಷ್ಟು ಹೊತ್ತು ದೊರೆಯುತ್ತದೆ? ಪ್ರಮಾಣಪತ್ರಕ್ಕೆ ಯಾರ ಮಾನ್ಯತೆ ಇದೆ? ಹೋದ ವರ್ಷ ಕಲಿತವರು ಈಗ ಎಲ್ಲಿ, ಯಾವ ಸಂಬಳಕ್ಕೆ ದುಡಿಯುತ್ತಿದ್ದಾರೆ? ಕೆಲಸ ಸಿಗದಿದ್ದರೆ ಮರಳಿ ಬಂದು ಯಾರನ್ನು ಕೇಳಬೇಕು? ಉತ್ತರ ಕೊಡಲಾರದ ಕಡೆ ಯೌವನದ ಆರು ತಿಂಗಳನ್ನು ಒತ್ತೆಯಿಡಬೇಡಿರಿ.

ಹಿರಿಯರಲ್ಲಿಯೂ ಒಂದು ವಿನಂತಿ. ಮಗನನ್ನು ಐಟಿಐಗೆ ಕಳುಹಿಸುವಾಗ ಕೇಳದ ‘ಬಸ್ಸು ಎಷ್ಟು ಹೊತ್ತಿಗೆ?’ ಎಂಬ ಪ್ರಶ್ನೆ ಮಗಳ ಸರದಿಯಲ್ಲಿ ಮಾತ್ರ ಏಳುತ್ತದೆ. ಸಂಜೆಯ ಬಸ್ಸಿಲ್ಲವೆಂದು ಅವಳ ಕಲಿಕೆ ನಿಲ್ಲುವುದಾದರೆ ಗ್ರಾಮಸಭೆಯಲ್ಲಿ ಬಸ್ಸನ್ನು ಕೇಳಬೇಕು, ಹಾಸ್ಟೆಲನ್ನು ಕೇಳಬೇಕು. ಹಾಲಿನ ಸಂಘದ ಸದಸ್ಯರು ವಾರ್ಷಿಕ ಸಭೆಯಲ್ಲಿ ಬೆಲೆಯ ಜೊತೆಗೆ ಮತ್ತೊಂದು ಮಾತನ್ನೂ ಎತ್ತಬಹುದು: ಈ ವರ್ಷ ಉತ್ಪಾದಕರ ಎಷ್ಟು ಮಕ್ಕಳಿಗೆ ಡೈರಿಯಲ್ಲಿ ಅಪ್ರೆಂಟಿಸ್ ಅವಕಾಶ ದೊರೆಯಿತು? ಸಹಕಾರ ಸಂಘದ ಒಡೆಯರು ಹಾಲು ಹಾಕುವವರೇ ಆದುದರಿಂದ, ಹೀಗೆ ಕೇಳುವ ಅಧಿಕಾರ ಅವರಿಗಿದೆ.