ಭಯ ಜೀವ ತಿನ್ನು



ಇಂದಿನ ಮಾತಿನ ಶೀರ್ಷಿಕೆಯಲ್ಲಿ ವ್ಯಾಕರಣದ ತಪ್ಪಿದೆ. ಅದು ಅಚ್ಚಿನ ದೋಷವಲ್ಲ. ಜರ್ಮನ್ ನಿರ್ದೇಶಕ ರೈನರ್ ವೆರ್ನರ್ ಫಾಸ್‌ಬಿಂಡರ್ 1974ರಲ್ಲಿ ತೆರೆಗೆ ತಂದ ಚಿತ್ರದ ಹೆಸರು ಮೂಲದಲ್ಲಿಯೂ ಹೀಗೆಯೇ ಮುರಿದುಕೊಂಡಿದೆ. 'ಆಂಗ್ಸ್ಟ್ ಎಸೆನ್ ಜೇಲೆ ಔಫ್.' ಕ್ರಿಯಾಪದಕ್ಕೆ ಸಲ್ಲಬೇಕಾದ ಪ್ರತ್ಯಯ ಸಂದಿಲ್ಲ. 'ಭಯ ಜೀವವನ್ನು ತಿನ್ನುತ್ತದೆ' ಎನ್ನಬೇಕಾದಲ್ಲಿ 'ಭಯ ಜೀವ ತಿನ್ನು' ಎಂದ ಹಾಗೆ. ಪರದೇಶದಿಂದ ಕೂಲಿಗೆ ಬಂದವನು, ಶಾಲೆಯಲ್ಲಿ ಕಲಿಯದೆ ಕಾರ್ಖಾನೆಯಲ್ಲಿ, ಬೀದಿಯಲ್ಲಿ ಕೇಳಿ ಕಲಿತ ಭಾಷೆ ಅದು. ಚಿತ್ರ ಇಂಗ್ಲಿಷಿಗೆ ಹೋದಾಗ ಯಾರೋ ಪುಣ್ಯಾತ್ಮರು ಆ ತಪ್ಪನ್ನು ತಿದ್ದಿ ಹೆಸರನ್ನು ಶುದ್ಧ ಮಾಡಿದರು. ಹೆಸರು ಶುದ್ಧವಾಯಿತು, ಅದನ್ನು ಆಡಿದ ಮನುಷ್ಯ ಮಾಯವಾದ.

ಆ ಮನುಷ್ಯನ ಹೆಸರು ಅಲಿ. ಅದೂ ಅವನ ಹೆಸರಲ್ಲ. ಮೊರಾಕ್ಕೊದಿಂದ ಬಂದ ಅವನ ನಿಜವಾದ ಹೆಸರು ಒಂದು ಸಾಲಿನಷ್ಟು ಉದ್ದ; ಜರ್ಮನರ ನಾಲಿಗೆಗೆ ಅದು ಒಗ್ಗದು. ಆದ್ದರಿಂದ ಎಲ್ಲರೂ ಅವನನ್ನು ಅಲಿ ಎನ್ನುತ್ತಾರೆ. ಅವನೂ ಓಗೊಡುತ್ತಾನೆ.

ಚಿತ್ರ ನೋಡದವರಿಗಾಗಿ ಕಥೆಯ ಎಳೆಯನ್ನು ಹೇಳುವುದು ಅಗತ್ಯ. ಮ್ಯೂನಿಕ್ ನಗರ. ಹೊರಗೆ ಮಳೆ. ಅರಬ್ ಕೆಲಸಗಾರರು ಸಂಜೆ ಸೇರುವ ಒಂದು ಸಣ್ಣ ಮದ್ಯದಂಗಡಿಯೊಳಕ್ಕೆ ಅರವತ್ತರ ಆಸುಪಾಸಿನ ವಿಧವೆ ಎಮ್ಮಿ ಕಾಲಿಡುತ್ತಾಳೆ. ಅವಳು ಕಟ್ಟಡಗಳ ನೆಲ, ಮೆಟ್ಟಿಲು ಒರೆಸಿ ಬದುಕುವವಳು. ಒಳಗಿದ್ದವರೆಲ್ಲ ದೂರದಿಂದ ಅವಳನ್ನೇ ದಿಟ್ಟಿಸುತ್ತಾರೆ. ಅವಳು ಕೇಳುವುದು ಒಂದು ಕೋಲಾ. ಯಾರೋ ಒಬ್ಬಳು ಚೇಷ್ಟೆಗಾಗಿ ಅಲಿಗೆ, ಹೋಗಿ ಆ ಮುದುಕಿಯ ಜೊತೆ ಕುಣಿ ಎನ್ನುತ್ತಾಳೆ. ಆತ ಚೇಷ್ಟೆಯನ್ನು ಚೇಷ್ಟೆಯಾಗಿ ತೆಗೆದುಕೊಳ್ಳದೆ ಎದ್ದು ಹೋಗಿ ವಿನಯದಿಂದ ಕರೆಯುತ್ತಾನೆ. ಇಬ್ಬರೂ ಕುಣಿಯುತ್ತಾರೆ. ಮನೆಯ ತನಕ ಬಿಟ್ಟುಬರಲು ಹೋದವನನ್ನು ಎಮ್ಮಿ ಒಳಗೆ ಕರೆದು ಕಾಫಿ ಕೊಡುತ್ತಾಳೆ. ಮಾತು ಬೆಳೆಯುತ್ತದೆ. ಹೊತ್ತು ಮೀರಿತೆಂದು ಅಲ್ಲಿಯೇ ಹಾಸಿಗೆ ಹಾಸಿಕೊಡುತ್ತಾಳೆ. ಆಕೆಗೆ ಮಕ್ಕಳಿದ್ದಾರೆ, ಬರುವುದು ಅಪರೂಪ. ಆತ ಒಂದು ಕೋಣೆಯಲ್ಲಿ ಹಲವು ಜನರೊಂದಿಗೆ ಒತ್ತೊತ್ತಾಗಿ ಮಲಗುವವನು, ಆದರೂ ಒಂಟಿ.

ಇವರು ಮದುವೆಯಾಗುವ ರೀತಿಯೂ ವಿಚಿತ್ರ. ಮನೆಯೊಡೆಯನ ಮಗ ಬಂದು, ಬಾಡಿಗೆ ಮನೆಯಲ್ಲಿ ಒಳಬಾಡಿಗೆಗೆ ಜನರನ್ನು ಇಟ್ಟುಕೊಳ್ಳುವಂತಿಲ್ಲ ಎನ್ನುತ್ತಾನೆ. ಎಮ್ಮಿ ಗಾಬರಿಯಲ್ಲಿ, ನಾವು ಮದುವೆಯಾಗುವವರಿದ್ದೇವೆ ಎಂದುಬಿಡುತ್ತಾಳೆ. ಆತ ಹೋದ ಮೇಲೆ ತನ್ನ ಸುಳ್ಳಿಗೆ ನಾಚಿ ಅಲಿಯ ಕ್ಷಮೆ ಕೇಳುತ್ತಾಳೆ. ಅಲಿ, ಒಳ್ಳೆಯ ಯೋಚನೆಯೇ, ಆಗೋಣ ಎನ್ನುತ್ತಾನೆ. ಒಂದು ಬಾಡಿಗೆ ಕರಾರಿನ ನಿಯಮ ಇಬ್ಬರನ್ನು ಸತಿಪತಿಗಳನ್ನಾಗಿ ಮಾಡುತ್ತದೆ. ಪ್ರೇಮದ ಬಗ್ಗೆ ಉದ್ದುದ್ದ ಸಂಭಾಷಣೆ ಬರೆಯುವ ನಮ್ಮ ಚಿತ್ರಸಾಹಿತಿಗಳು ಈ ದೃಶ್ಯವನ್ನು ಒಮ್ಮೆ ನೋಡಬೇಕು.

ಈ ಕಥೆ ಆ ಊರಿನಲ್ಲಿ, ಆ ವರ್ಷದಲ್ಲಿ ಏಕೆ ನಡೆಯಿತು ಎಂಬುದನ್ನು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು. ಎರಡನೆಯ ಮಹಾಯುದ್ಧದಲ್ಲಿ ಕುಸಿದಿದ್ದ ಪಶ್ಚಿಮ ಜರ್ಮನಿ ಐವತ್ತರ ದಶಕದಲ್ಲಿ ಬೆರಗಾಗುವಷ್ಟು ವೇಗದಲ್ಲಿ ಚೇತರಿಸಿಕೊಂಡಿತು. ಕಾರ್ಖಾನೆಗಳಿದ್ದವು, ಕೈಗಳು ಸಾಲದಾದವು. 1955ರಲ್ಲಿ ಇಟಲಿಯೊಂದಿಗೆ, 1960ರಲ್ಲಿ ಸ್ಪೇನ್ ಮತ್ತು ಗ್ರೀಸ್ ದೇಶಗಳೊಂದಿಗೆ, 1961ರಲ್ಲಿ ಟರ್ಕಿಯೊಂದಿಗೆ, 1963ರಲ್ಲಿ ಮೊರಾಕ್ಕೊದೊಂದಿಗೆ ಸರ್ಕಾರ ಕೆಲಸಗಾರರನ್ನು ತರಿಸಿಕೊಳ್ಳುವ ಒಪ್ಪಂದ ಮಾಡಿಕೊಂಡಿತು. ಹೀಗೆ ಬಂದವರಿಗೆ ಇಟ್ಟ ಹೆಸರು 'ಗಾಸ್ಟ್ ಆರ್ಬೈಟರ್', ಎಂದರೆ ಅತಿಥಿ ಕೆಲಸಗಾರ. ಅತಿಥಿ ಎಂಬ ಮಾತು ಕೇಳಲು ಹಿತ. ಆದರೆ ಅತಿಥಿ ಒಂದು ದಿನ ಎದ್ದು ಹೋಗಬೇಕಾದವನು ಎಂಬ ಸೂಚನೆ ಅದರಲ್ಲಿಯೇ ಅಡಗಿತ್ತು. ಅತಿಥಿಯನ್ನು ಯಾರೂ ಮೆಟ್ಟಿಲು ಉಜ್ಜಲು ಹಚ್ಚುವುದಿಲ್ಲ ಎಂಬುದು ಬೇರೆ ಮಾತು.

1964ರ ಸೆಪ್ಟೆಂಬರಿನಲ್ಲಿ ಹತ್ತು ಲಕ್ಷದ ಅತಿಥಿ ಕೆಲಸಗಾರನೆಂದು ಪೋರ್ಚುಗಲ್ಲಿನ ಬಡಗಿ ಅರ್ಮಾಂಡೊ ರೊಡ್ರಿಗಸ್ ಡ ಸಾ ಅವರನ್ನು ಕೊಲೋನ್ ನಗರದ ರೈಲು ನಿಲ್ದಾಣದಲ್ಲಿ ಹೂಗುಚ್ಛ ಕೊಟ್ಟು ಸ್ವಾಗತಿಸಿದರು. ಒಂದು ಮೊಪೆಡ್ ಉಡುಗೊರೆ ಕೊಟ್ಟರು. ಆ ಛಾಯಾಚಿತ್ರ ಪತ್ರಿಕೆಗಳಲ್ಲೆಲ್ಲ ಬಂತು, ಇಂದು ಜರ್ಮನಿಯ ಪಠ್ಯಪುಸ್ತಕಗಳಲ್ಲೂ ಇದೆ. ಛಾಯಾಚಿತ್ರದಲ್ಲಿ ಇಲ್ಲದ ಕಥೆ ಇಷ್ಟು: ಕೆಲ ವರ್ಷಗಳ ದುಡಿಮೆಯ ನಂತರ ಆತ ಕಾಯಿಲೆ ಬಿದ್ದು ಊರಿಗೆ ಮರಳಿದರು. ಜರ್ಮನಿಯ ಆರೋಗ್ಯ ವಿಮೆಯಿಂದ ತಮಗೆ ಹಣ ಸಲ್ಲಬೇಕೆಂಬುದು ತಿಳಿಯದೆ, ಉಳಿಸಿದ್ದನ್ನೆಲ್ಲ ಚಿಕಿತ್ಸೆಗೆ ಸುರಿದು, 1979ರಲ್ಲಿ ಹೊಟ್ಟೆಯ ಕ್ಯಾನ್ಸರಿನಿಂದ ತೀರಿಕೊಂಡರು. ಮೊಪೆಡ್ ಈಗ ಬಾನ್ ನಗರದ ವಸ್ತುಸಂಗ್ರಹಾಲಯದಲ್ಲಿದೆ.

ಫಾಸ್‌ಬಿಂಡರ್ ಈ ಚಿತ್ರ ತೆಗೆದದ್ದು 1973ರ ಸೆಪ್ಟೆಂಬರಿನಲ್ಲಿ, ಸುಮಾರು ಎರಡು ವಾರಗಳಲ್ಲಿ. ಅದಕ್ಕೆ ಒಂದು ವರ್ಷ ಹಿಂದೆ ಅದೇ ಮ್ಯೂನಿಕ್‌ನ ಒಲಿಂಪಿಕ್ಸ್‌ನಲ್ಲಿ ಪ್ಯಾಲೆಸ್ತೀನಿ ಬಂದೂಕುಧಾರಿಗಳ ದಾಳಿಗೆ ಇಸ್ರೇಲ್ ತಂಡದ 11 ಮಂದಿ ಬಲಿಯಾಗಿದ್ದರು. ಊರಿನಲ್ಲಿ ಅರಬ್ ಮುಖವೆಂದರೆ ಸಂಶಯ. ಚಿತ್ರೀಕರಣ ಮುಗಿದು ಎರಡು ತಿಂಗಳಿಗೆ, ತೈಲ ಬಿಕ್ಕಟ್ಟಿನ ನಡುವೆ, ಸರ್ಕಾರ ಹೊರಗಿನಿಂದ ಕೆಲಸಗಾರರನ್ನು ತರಿಸುವುದನ್ನೇ ನಿಲ್ಲಿಸಿತು. ಆ ಹೊತ್ತಿಗೆ ದೇಶದಲ್ಲಿದ್ದ ಪರದೇಶಿ ಕೆಲಸಗಾರರ ಸಂಖ್ಯೆ ಸುಮಾರು 26 ಲಕ್ಷ.

ಮದುವೆಯ ಸುದ್ದಿ ಕೇಳಿದ ಲೋಕ ಹೇಗೆ ನಡೆದುಕೊಳ್ಳುತ್ತದೆ ಎಂಬುದನ್ನು ಊಹಿಸುವುದು ಕಷ್ಟವಲ್ಲ. ಎಮ್ಮಿ ತನ್ನ ಮಕ್ಕಳನ್ನು ಕರೆದು ಗಂಡನನ್ನು ಪರಿಚಯಿಸುತ್ತಾಳೆ. ಕ್ಯಾಮೆರಾ ಒಂದೊಂದೇ ಮುಖದ ಮೇಲೆ ನಿಧಾನವಾಗಿ ಹರಿಯುತ್ತದೆ. ಯಾರೂ ಮಾತಾಡುವುದಿಲ್ಲ. ಒಬ್ಬ ಮಗ ಎದ್ದು ಟಿ.ವಿ.ಗೆ ಒದ್ದು ಒಡೆಯುತ್ತಾನೆ. ಮೂದಲಿಸುವ ಅಳಿಯನ ಪಾತ್ರ ಮಾಡಿರುವವನು ಸ್ವತಃ ಫಾಸ್‌ಬಿಂಡರ್. ಈ ಟಿ.ವಿ.ಗೆ ಒಂದು ಪೂರ್ವಕಥೆಯಿದೆ. ಡಗ್ಲಸ್ ಸರ್ಕ್ ಹಾಲಿವುಡ್‌ನಲ್ಲಿ 1955ರಲ್ಲಿ ತೆಗೆದ 'ಆಲ್ ದಟ್ ಹೆವನ್ ಅಲೌಸ್' ಚಿತ್ರದಲ್ಲಿ ಸಿರಿವಂತ ವಿಧವೆಯೊಬ್ಬಳು ತನಗಿಂತ ಕಿರಿಯನಾದ, ತೋಟದ ಕೆಲಸ ಮಾಡುವವನನ್ನು ಪ್ರೀತಿಸುತ್ತಾಳೆ. ಮಕ್ಕಳು ಅದಕ್ಕೆ ಅಡ್ಡಬಂದು, ಅಮ್ಮನ ಒಂಟಿತನಕ್ಕೆ ಪರಿಹಾರವೆಂದು ಒಂದು ಟಿ.ವಿ. ತಂದುಕೊಡುತ್ತಾರೆ. ಆ ಚಿತ್ರವನ್ನು ಗುರುವಿನಂತೆ ಕಂಡ ಫಾಸ್‌ಬಿಂಡರ್, ಕೊಟ್ಟ ಟಿ.ವಿ.ಯನ್ನು ಒಡೆಯುವ ಟಿ.ವಿ.ಯಾಗಿ ಮಾಡಿದ. ಸಿರಿವಂತೆಯ ಜಾಗದಲ್ಲಿ ನೆಲ ಒರೆಸುವವಳನ್ನು ತಂದ.

ನೆರೆಯವರು ಮೆಟ್ಟಿಲ ಮೇಲೆ ನಿಂತು ಪಿಸುಗುಡುತ್ತಾರೆ. ಕಿರಾಣಿ ಅಂಗಡಿಯವನು ಅಲಿಯ ಜರ್ಮನ್ ತನಗೆ ಅರ್ಥವಾಗದೆಂದು ನಟಿಸಿ ಬರಿಗೈಯಲ್ಲಿ ಕಳಿಸುತ್ತಾನೆ. ಜೊತೆ ಕೆಲಸದ ಹೆಂಗಸರು ಊಟದ ಹೊತ್ತಿನಲ್ಲಿ ಎಮ್ಮಿಯನ್ನು ಬಿಟ್ಟು ದೂರ ಕೂರುತ್ತಾರೆ. ಮೆಟ್ಟಿಲ ಕಂಬಿಗಳ ಸಂದಿನಿಂದ ಅವಳನ್ನು ನಾವು ನೋಡುತ್ತೇವೆ. ಜೈಲಿನ ಸರಳಿನ ಹಿಂದೆ ಇಟ್ಟ ಹಾಗೆ. ಒಂದು ಉಪಾಹಾರ ಗೃಹದ ಅಂಗಳದಲ್ಲಿ, ಖಾಲಿ ಹಳದಿ ಕುರ್ಚಿಗಳ ನಡುವೆ ಇವರಿಬ್ಬರೇ ಕುಳಿತಿದ್ದಾರೆ. ಉಳಿದವರೆಲ್ಲ ದೂರ ನಿಂತು ನೋಡುತ್ತಿದ್ದಾರೆ. ಅಲ್ಲಿ ಎಮ್ಮಿ ಒಡೆದು ಅಳುತ್ತಾಳೆ. ಎಲ್ಲಿಗಾದರೂ ಹೋಗಿಬಿಡೋಣ, ತಿರುಗಿ ಬರುವಾಗ ಎಲ್ಲರೂ ನಮ್ಮೊಡನೆ ಒಳ್ಳೆಯವರಾಗಿರುತ್ತಾರೆ ಎನ್ನುತ್ತಾಳೆ.

ಇಲ್ಲಿಯವರೆಗಿನದನ್ನು ಇನ್ನೊಬ್ಬ ನಿರ್ದೇಶಕನೂ ಮಾಡಿಯಾನು. ನೊಂದ ಇಬ್ಬರು, ಅವರನ್ನು ಪೀಡಿಸುವ ಕ್ರೂರ ಸಮಾಜ, ಪ್ರೇಕ್ಷಕನ ಕಣ್ಣಲ್ಲಿ ನಾಲ್ಕು ಹನಿ. ಫಾಸ್‌ಬಿಂಡರ್‌ನ ನಿಜವಾದ ಪ್ರಶ್ನೆ ಶುರುವಾಗುವುದು ಅವರು ಪ್ರವಾಸ ಮುಗಿಸಿ ಮರಳಿದ ಮೇಲೆ. ಏಕೆಂದರೆ ಎಮ್ಮಿಯ ಮಾತು ನಿಜವಾಗುತ್ತದೆ! ಎಲ್ಲರೂ ಒಳ್ಳೆಯವರಾಗಿದ್ದಾರೆ. ಕಿರಾಣಿಯವನಿಗೆ ಗಿರಾಕಿ ಬೇಕು, ದೊಡ್ಡ ಅಂಗಡಿಗಳು ಅವನ ವ್ಯಾಪಾರ ಕೀಳುತ್ತಿವೆ. ನೆರೆಯವಳಿಗೆ ನೆಲಮಾಳಿಗೆಯಲ್ಲಿ ಸಾಮಾನಿಡಲು ಎಮ್ಮಿಯ ಜಾಗ ಬೇಕು. ಮಗನಿಗೆ ತನ್ನ ಮಗುವನ್ನು ನೋಡಿಕೊಳ್ಳಲು ಅಮ್ಮ ಬೇಕು, ಒಡೆದ ಟಿ.ವಿ.ಗೆ ಚೆಕ್ ಕಳಿಸಿದ್ದಾನೆ. ಯಾರ ಮನಸ್ಸೂ ಬದಲಾಗಿಲ್ಲ, ಅಗತ್ಯಗಳು ಬದಲಾಗಿವೆ.

ಎಮ್ಮಿಗೆ ಆ ಒಳ್ಳೆಯತನ ಬೇಕಾಗಿತ್ತು. ಅದಕ್ಕಾಗಿ ಅವಳು ತೆರುವ ಬೆಲೆಯನ್ನು ಚಿತ್ರ ಒಂದೊಂದೇ ಪೈಸೆಯಾಗಿ ಎಣಿಸುತ್ತದೆ. ಅವಳ ಕೆಲಸದ ಗುಂಪಿಗೆ ಯುಗೊಸ್ಲಾವಿಯದ ಹೊಸ ಹೆಂಗಸು ಬಂದಿದ್ದಾಳೆ, ಕೂಲಿ ಉಳಿದವರಿಗಿಂತ ಕಡಿಮೆ. ಗುಂಪು ಈಗ ಆಕೆಯನ್ನು ದೂರವಿಡುತ್ತದೆ. ಆ ಗುಂಪಿನಲ್ಲಿ ಎಮ್ಮಿಯೂ ಇದ್ದಾಳೆ. ಅದೇ ಮೆಟ್ಟಿಲು, ಅದೇ ಕಂಬಿ. ಹಿಂದೆ ಕುಳಿತವಳು ಮಾತ್ರ ಬೇರೆ. ಮನೆಗೆ ಬಂದ ಗೆಳತಿಯರಿಗೆ ಎಮ್ಮಿ ಗಂಡನ ತೋಳಿನ ಸ್ನಾಯುಗಳನ್ನು ಮುಟ್ಟಿ ನೋಡಿ ಎನ್ನುತ್ತಾಳೆ. ಅವರು ಮುಟ್ಟುತ್ತಾರೆ, ಸಂತೆಯಲ್ಲಿ ಎತ್ತಿನ ಮೈ ತಡವಿದ ಹಾಗೆ. ಅಲಿ ಸುಮ್ಮನೆ ಎದ್ದುಹೋಗುತ್ತಾನೆ. ಅವನಿಗೇನೋ ಬೇಸರ, ಪರದೇಶದವನಲ್ಲವೆ ಎಂದು ಎಮ್ಮಿ ಸಮಜಾಯಿಷಿ ಕೊಡುತ್ತಾಳೆ.

ಎಲ್ಲಕ್ಕಿಂತ ಸಣ್ಣದೂ ಎಲ್ಲಕ್ಕಿಂತ ಚುಚ್ಚುವುದೂ ಆದ ಪ್ರಸಂಗ ಕುಸ್‌ಕುಸ್‌ನದು. ಗೋಧಿ ರವೆಯನ್ನು ಹಬೆಯಲ್ಲಿ ಬೇಯಿಸಿ ಮಾಡುವ ಅದು ಮೊರಾಕ್ಕೊದವರ ಮನೆಯೂಟ. ನಮ್ಮ ಕಡೆಯವರಿಗೆ ಮುದ್ದೆಯೋ ರೊಟ್ಟಿಯೋ ಇದ್ದ ಹಾಗೆ. ಅಲಿ ಮಾಡಿಕೊಡು ಎನ್ನುತ್ತಾನೆ. ತನಗೆ ಬಾರದು, ಸೇರುವುದೂ ಇಲ್ಲ, ಜರ್ಮನಿಯ ಊಟಕ್ಕೆ ನೀನೂ ಒಗ್ಗಿಕೊಳ್ಳಬೇಕು ಎನ್ನುತ್ತಾಳೆ ಎಮ್ಮಿ. ಆತ ಎದ್ದು ಮದ್ಯದಂಗಡಿಯ ಒಡತಿಯ ಮನೆಗೆ ಹೋಗುತ್ತಾನೆ. ಆಕೆಗೆ ಕುಸ್‌ಕುಸ್ ಮಾಡಲು ಬರುತ್ತದೆ. ಅವನು ಅಲ್ಲಿಯೇ ಉಳಿಯುತ್ತಾನೆ. ಮುಂದೆ ಅವನನ್ನು ಹುಡುಕಿಕೊಂಡು ಎಮ್ಮಿ ಗ್ಯಾರೇಜಿಗೆ ಬಂದಾಗ, ಜೊತೆಗಾರರು ಇವಳು ನಿನ್ನ ಅಜ್ಜಿಯೇ ಎಂದು ನಗುತ್ತಾರೆ. ಅವರನ್ನು ಅಲಿ ತಡೆಯುವುದಿಲ್ಲ. ಒಬ್ಬರಿಗೊಬ್ಬರು ಮಾಡಬಹುದಾದ ಅನ್ಯಾಯ ಅಲ್ಲಿಗೆ ಸಮವಾಯಿತು.

ಹಗೆಯ ಎದುರು ಇಬ್ಬರೂ ಬೆನ್ನಿಗೆ ಬೆನ್ನು ಕೊಟ್ಟು ನಿಂತಿದ್ದರು. ಲೋಕ ಸ್ವಲ್ಪ ನಕ್ಕಿತು, ಅಷ್ಟಕ್ಕೇ ಬೆನ್ನು ಸಡಿಲವಾಯಿತು. ಇದು ಎಮ್ಮಿಯ ಕೆಟ್ಟತನವೆಂದು ಚಿತ್ರ ಎಲ್ಲಿಯೂ ಹೇಳುವುದಿಲ್ಲ. ಅವಳ ಮೊದಲ ಗಂಡನೂ ಪರದೇಶದವನೇ, ಪೋಲೆಂಡಿನಿಂದ ಬಂದ ಕೆಲಸಗಾರ. ತಾನು ಹಿಟ್ಲರನ ಪಕ್ಷದಲ್ಲಿದ್ದುದನ್ನೂ ಅವಳು, ಆಗ ಎಲ್ಲರೂ ಇದ್ದರು ಎಂದು ಸಹಜವಾಗಿ ಹೇಳುತ್ತಾಳೆ. ಮದುವೆಯ ದಿನ ಊಟಕ್ಕೆ ಹೋಗುವುದೂ ಹಿಟ್ಲರ್ ಹೋಗುತ್ತಿದ್ದ ಹೋಟೆಲಿಗೆ. ಅಲ್ಲಿಗೆ ಒಮ್ಮೆ ಹೋಗಬೇಕೆಂಬುದು ಅವಳ ಬಹುದಿನದ ಆಸೆ. ಎಲ್ಲರೊಳಗೊಬ್ಬಳಾಗಿರಬೇಕು, ಅಷ್ಟೇ ಅವಳ ಹಂಬಲ. ಅಂಥವಳು ಒಂದು ಸಂಜೆ ಎಲ್ಲರನ್ನೂ ಬಿಟ್ಟು ಒಬ್ಬನ ಕೈ ಹಿಡಿದಳು ಎಂಬುದೇ ದೊಡ್ಡದು.

ಎಮ್ಮಿಯಾಗಿ ಅಭಿನಯಿಸಿದ ಬ್ರಿಗಿಟೆ ಮೀರಾ ಹಾಡು-ನಗೆಯ ರಂಗಭೂಮಿಯಿಂದ ಬಂದವರು. 1974ರಲ್ಲಿ ಅವರಿಗೆ ಜರ್ಮನಿಯ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿ ಬಂತು; ಚಿತ್ರಕ್ಕೆ ಅದೇ ವರ್ಷ ಕಾನ್ ಉತ್ಸವದಲ್ಲಿ ಅಂತರರಾಷ್ಟ್ರೀಯ ವಿಮರ್ಶಕರ ಪ್ರಶಸ್ತಿ ದೊರೆಯಿತು. ಅಲಿಯಾದವರು ಎಲ್ ಹೆದಿ ಬೆನ್ ಸಲೆಂ, ಮೊರಾಕ್ಕೊದವರೇ, ನಿರ್ದೇಶಕನ ಸಂಗಾತಿ. ಅವರ ಬಾಳು ಚಿತ್ರದಷ್ಟೂ ಕರುಣೆ ಕಾಣಲಿಲ್ಲ. 1977ರಲ್ಲಿ ಫ್ರಾನ್ಸಿನ ಸೆರೆಮನೆಯಲ್ಲಿ ಸತ್ತರು. ಫಾಸ್‌ಬಿಂಡರ್ ತನ್ನ ಕೊನೆಯ ಚಿತ್ರ 'ಕ್ವೆರೆಲ್'ಅನ್ನು ಅವರಿಗೆ ಅರ್ಪಿಸಿದ, 1982ರಲ್ಲಿ, ತನ್ನ 37ನೆಯ ವಯಸ್ಸಿನಲ್ಲಿ, ತಾನೂ ತೀರಿಕೊಂಡ.

ಈ ಕಥೆಯನ್ನು ಫಾಸ್‌ಬಿಂಡರ್ ಅದಕ್ಕೂ ಮೊದಲು ಒಮ್ಮೆ ಹೇಳಿದ್ದ. 1970ರ 'ದಿ ಅಮೆರಿಕನ್ ಸೋಲ್ಜರ್' ಚಿತ್ರದಲ್ಲಿ ಹೋಟೆಲಿನ ಕೆಲಸದಾಕೆಯೊಬ್ಬಳು ಎಮ್ಮಿ ಮತ್ತು ಅಲಿಯ ಕಥೆ ಹೇಳುತ್ತಾಳೆ. ಅಲ್ಲಿ ಎಮ್ಮಿ ಕೊಲೆಯಾಗುತ್ತಾಳೆ. ನಾಲ್ಕು ವರ್ಷದ ಬಳಿಕ ಅದೇ ಕಥೆಗೆ ಆತ ಬೇರೊಂದು ಅಂತ್ಯ ಹುಡುಕಿದ. ಕೊಲೆ ಪತ್ರಿಕೆಯ ಅಪರಾಧ ಸುದ್ದಿಯ ಪುಟದ ಸಂಗತಿ. ದಿನದಿನವೂ ಸವೆಯುವವರ ಕಥೆಗೆ ಅದು ಹೊಂದದು ಎನಿಸಿರಬೇಕು.

ಹೊಸ ಅಂತ್ಯ ಹೀಗಿದೆ. ಎಮ್ಮಿ ಮತ್ತೆ ಅದೇ ಮದ್ಯದಂಗಡಿಗೆ ಬರುತ್ತಾಳೆ. ಮೊದಲ ದಿನದ ಹಾಡನ್ನೇ ಹಾಕಿಸುತ್ತಾಳೆ. ಅಲಿ ಎದ್ದುಬಂದು ಕುಣಿಯಲು ಕರೆಯುತ್ತಾನೆ. ಬೇರೆ ಹೆಂಗಸಿನ ಬಳಿ ಹೋಗಿದ್ದೆನೆಂದು ತಪ್ಪೊಪ್ಪಿಕೊಳ್ಳುತ್ತಾನೆ. ಅದು ಮುಖ್ಯವಲ್ಲ, ಜೊತೆಗಿರುವಾಗ ಒಬ್ಬರನ್ನೊಬ್ಬರು ಚೆನ್ನಾಗಿ ನೋಡಿಕೊಳ್ಳೋಣ ಎನ್ನುತ್ತಾಳೆ ಎಮ್ಮಿ. ಜಗಳ ಮುಗಿಯಿತು, ಒಂದಾದರು. ಆ ಗಳಿಗೆಯಲ್ಲಿ ಅಲಿ ನೋವಿನಿಂದ ನರಳಿ ನೆಲಕ್ಕೆ ಬೀಳುತ್ತಾನೆ. ಹೊಟ್ಟೆಯ ಹುಣ್ಣು ಒಡೆದಿದೆ.

ಆಸ್ಪತ್ರೆಯ ವೈದ್ಯ ಒಳ್ಳೆಯವನೇ. ಅತಿಥಿ ಕೆಲಸಗಾರರಲ್ಲಿ ಇದು ಬಹಳ ಎಂದು ವಿವರಿಸುತ್ತಾನೆ. ಅವರು ಬದುಕುವ ಬದುಕಿನ ಒತ್ತಡ. ಶಸ್ತ್ರಚಿಕಿತ್ಸೆ ಮಾಡಬಹುದು, ಆದರೆ ಅವರನ್ನು ಆರೈಕೆಗೆಂದು ಬೇರೆಡೆಗೆ ಕಳಿಸುವ ಅವಕಾಶವಿಲ್ಲ. ಆರು ತಿಂಗಳಲ್ಲಿ ಮತ್ತೆ ಹುಣ್ಣು, ಮತ್ತೆ ಇಲ್ಲಿಗೆ. ಎಮ್ಮಿ ಒಪ್ಪುವುದಿಲ್ಲ. ಹಾಗಾಗದಂತೆ ತನ್ನಿಂದಾದುದನ್ನೆಲ್ಲ ಮಾಡುತ್ತೇನೆ ಎನ್ನುತ್ತಾಳೆ. ವೈದ್ಯ ಶುಭ ಹಾರೈಸುತ್ತಾನೆ, ನಂಬಿಕೆಯಿಲ್ಲದವರು ಹಾರೈಸುವ ರೀತಿಯಲ್ಲಿ. ಹಾಸಿಗೆಯ ಪಕ್ಕದಲ್ಲಿ ಕುಳಿತು ಎಮ್ಮಿ ಗಂಡನ ಕೈ ಹಿಡಿದುಕೊಳ್ಳುತ್ತಾಳೆ.