ಪಂಪಿನ ಬೇರಿಂಗು ಸವೆಯುವುದಲ್ಲ, ದಣಿಯುವುದು



ಅಜೆಕಾರಿನ ಕಡೆ ಮಾರ್ಚಿ ತಿಂಗಳು ಬಂತೆಂದರೆ ಅಡಿಕೆ ತೋಟದ ಜೀವವೆಲ್ಲ ಪಂಪಿನ ಮೇಲೆ. ಆಗಲೇ ನೋಡಿ, ಪಂಪು ಗರಗರ ಅನ್ನಲು ತೊಡಗುವುದು. "ಹಳತಾಯ್ತು, ಸವೆದಿದೆ, ಸ್ವಲ್ಪ ಗ್ರೀಸು ಹಾಕಿದರಾಯ್ತು" ಅನ್ನುತ್ತೇವೆ. ಆದರೆ ಆ ಸದ್ದು ಹೆಚ್ಚಾಗಿ ಸವೆತದ್ದಲ್ಲ, ಬಿರುಕಿನದ್ದು.

ಬೇರಿಂಗು ಅಂದರೆ ಎರಡು ಉಕ್ಕಿನ ಬಳೆ, ನಡುವೆ ಉಕ್ಕಿನ ಗುಂಡುಗಳು. ಗುಂಡು ಬಳೆಯನ್ನು ಮುಟ್ಟುವುದು ಎಳ್ಳಿಗಿಂತ ಚಿಕ್ಕ ಜಾಗದಲ್ಲಿ. ಭಾರವೆಲ್ಲ ಅಲ್ಲೇ. ನಿಮಿಷಕ್ಕೆ 2880 ಸುತ್ತು ತಿರುಗುವ ಮೋಟಾರು ದಿನಕ್ಕೆ ಆರು ಗಂಟೆ ಓಡಿದರೆ ಹತ್ತು ಲಕ್ಷಕ್ಕೂ ಹೆಚ್ಚು ಸುತ್ತಾಯಿತು. ಒಂದೊಂದು ಸುತ್ತಿಗೂ ಹಲವು ಗುಂಡುಗಳು ಒಂದೇ ದಾರಿಯನ್ನು ಒತ್ತಿ ಹೋಗುತ್ತವೆ. ಉಕ್ಕು ಕೂದಲೆಳೆಯಷ್ಟೂ ಅಲ್ಲದೆ ತಗ್ಗಿ, ಮತ್ತೆ ಏಳುತ್ತದೆ. ತಂತಿಯನ್ನು ಅತ್ತಿತ್ತ ಬಗ್ಗಿಸಿ ಮುರಿಯುತ್ತೇವಲ್ಲ, ಇದೂ ಅದೇ ಜಾತಿಯದು, ಬಹಳ ನಿಧಾನ ಅಷ್ಟೆ. ಇದಕ್ಕೆ ಲೋಹದ ದಣಿವು ಎಂದು ಹೆಸರು. ಎತ್ತು ದಣಿದರೆ ಹುಲ್ಲು, ನೀರು ಕೊಟ್ಟು ಕಟ್ಟಿದರೆ ಮರುದಿನ ಎದ್ದೀತು. ಉಕ್ಕಿನ ದಣಿವು ವಿಶ್ರಾಂತಿಯಿಂದ ಇಳಿಯುವುದಿಲ್ಲ.

ವಿಚಿತ್ರವೇನೆಂದರೆ, ಒತ್ತಡದ ಕಾಟ ಹೆಚ್ಚು ಇರುವುದು ಮೇಲ್ಮೈಯಲ್ಲಲ್ಲ, ಅದರ ತುಸು ಕೆಳಗೆ. ಅಲ್ಲಿ ಉಕ್ಕಿನೊಳಗೆ ಒಂದು ಕಿಟ್ಟದ ಕಣ ಸಿಕ್ಕಿದ್ದರೆ ಬಿರುಕು ಅಲ್ಲೇ ಹುಟ್ಟುತ್ತದೆ; ಕಣ್ಣಿಗೆ ಕಾಣದೆ ಅಡ್ಡಕ್ಕೆ ಓಡಿ, ಕೊನೆಗೆ ಮೇಲಕ್ಕೆ ತಿರುಗುತ್ತದೆ. ಒಂದು ಚಕ್ಕೆ ಏಳುತ್ತದೆ. ಆ ಕುಳಿಯ ಅಂಚಿಗೆ ಪ್ರತಿ ಗುಂಡೂ ಕುಟ್ಟುತ್ತದೆ, ಕುಳಿ ಹಬ್ಬುತ್ತದೆ. ಗರಗರ ಸದ್ದು ಅದೇ.

ಮೇಲಿನಿಂದ ಹುಟ್ಟುವ ಬಿರುಕೂ ಉಂಟು. ಮರಳಿನ ಕಣ, ತುಕ್ಕು, ಸುತ್ತಿಗೆ ಪೆಟ್ಟಿನ ಗುರುತು ಇವೇ ಅದರ ಬೀಜ. ಆ ಬಿರುಕಿನೊಳಗೆ ಎಣ್ಣೆ ಸೇರುತ್ತದೆ. ಉರುಳಿ ಬಂದ ಗುಂಡು ಬಾಯಿ ಮುಚ್ಚುತ್ತದೆ. ಒಳಗೆ ಸಿಕ್ಕಿಬಿದ್ದ ಎಣ್ಣೆ ಮರ ಸೀಳುವ ಬೆಣೆಯಂತೆ ಬಿರುಕನ್ನು ಸೀಳುತ್ತದೆ. 1935ರಲ್ಲಿ ಸ್ಟುವರ್ಟ್ ವೇ ಎಂಬವರು ಇದನ್ನು ಪ್ರಯೋಗ ಮಾಡಿ ವಿವರಿಸಿದರು. ಹಾಗಂತ ಎಣ್ಣೆಯೇ ಬೇಡ ಅನ್ನಬೇಡಿ ಮಾರಾಯ್ರೇ, ಒಣಗಿದ ಬೇರಿಂಗು ಕಾದು ಹಿಡಿದುಕೊಂಡೀತು!

ರೈಲು ಹಳಿಗೂ ಇದೇ ರೋಗ. ಇಂಗ್ಲೆಂಡಿನ ಹ್ಯಾಟ್‌ಫೀಲ್ಡಿನಲ್ಲಿ 2000ನೆಯ ಇಸವಿ ಅಕ್ಟೋಬರ್ 17ರಂದು ಇಂಥ ಬಿರುಕುಗಳಿಂದ ಹಳಿ ಒಡೆದು, ರೈಲು ಉರುಳಿ, ನಾಲ್ವರು ಸತ್ತರು. ನಮ್ಮ ದೇಶದಲ್ಲೂ ಹಳಿಯೊಳಗಿನ ಬಿರುಕನ್ನು ಶಬ್ದದ ಅಲೆ ಕಳಿಸಿ ಹುಡುಕುತ್ತಾರೆ.

ನಮ್ಮ ಪಂಪಿಗೆ ಅಂಥ ಯಂತ್ರ ಬೇಡ. ಮರದ ಕೋಲಿನ ಒಂದು ತುದಿ ಬೇರಿಂಗಿನ ಮನೆಯ ಮೇಲೆ, ಇನ್ನೊಂದು ಕಿವಿಗೆ ಹಿಡಿಯಿರಿ. ತಿರುಗುವ ಭಾಗದಿಂದ, ವಯರಿನಿಂದ ದೂರವಿರಿ. ಸೀರೆ ಸೆರಗು, ಬೈರಾಸು ಜೋಪಾನ. ಒಂದೇ ಸಮನೆ ಗುಂಯ್ ಅಂದರೆ ಸರಿ. ಕಟಕಟ, ಗರಗರ ಕೇಳಿದರೆ ಬೇರಿಂಗು ಬದಲಿಸಿ. ಗ್ರೀಸು ಸದ್ದನ್ನು ಮುಚ್ಚೀತು, ಬಿರುಕನ್ನು ಕೂಡಿಸದು. ಮುಂದಕ್ಕೆ ಹಾಕಿದರೆ ಒಳಗಿನ ತಿರುಗುಗಂಬ ವಾಲಿ ಸುರುಳಿಗೆ ಉಜ್ಜಿ, ಮೋಟಾರೇ ಸುಟ್ಟೀತು. ರಿಪೇರಿಯಾಗಿ ಬರುವಷ್ಟರಲ್ಲಿ ಬೇಸಗೆಯ ತೋಟದ ಪಾಡೇನು?

ಭಾರದ ಲೆಕ್ಕವನ್ನೂ ಕೇಳಿ. ಗುಂಡಿನ ಬೇರಿಂಗಿಗೆ ಭಾರ ಎರಡು ಪಟ್ಟಾದರೆ ಆಯುಷ್ಯ ಅರ್ಧವಲ್ಲ, ಎಂಟರಲ್ಲೊಂದು ಪಾಲು! ಅಕ್ಕಿ ಗಿರಣಿಯಲ್ಲಾಗಲಿ ಪಂಪಿನಲ್ಲಾಗಲಿ, ಬೆಲ್ಟು ಜಾರುತ್ತದೆಂದು ವೀಣೆಯ ತಂತಿಯಂತೆ ಬಿಗಿಯುವವರು ಇದನ್ನು ಗಮನಿಸಬೇಕು.

ಹೊಸ ಬೇರಿಂಗನ್ನು ಕಂಬಿಗೆ ಏರಿಸುವಾಗ ಹೊರಬಳೆಗೆ ಸುತ್ತಿಗೆ ಹೊಡೆಸಬೇಡಿ. ಆ ಪೆಟ್ಟು ಗುಂಡಿನ ಮೂಲಕ ದಾರಿಯಲ್ಲಿ ಗುಳಿ ಮಾಡುತ್ತದೆ. ಒಳಬಳೆಗೆ ಸಮನಾಗಿ ಕೊಳವೆ ಇಟ್ಟು ಕೂರಿಸಲಿ. ಗ್ರೀಸು ಖಾಲಿ ಜಾಗದ ಮೂರರಲ್ಲೊಂದರಿಂದ ಅರ್ಧದವರೆಗೆ ಸಾಕು; ತುಂಬಿಸಿದರೆ ಕಾಯುತ್ತದೆ. ನಮ್ಮ ಮಳೆಗಾಲದ ನೀರು ಗ್ರೀಸಿಗೆ ಸೇರಿದರೆ ತುಕ್ಕು, ತುಕ್ಕಿನಿಂದ ಬಿರುಕು. ಆದ್ದರಿಂದ ಪಂಪಿಗೆ ಮಾಡು ಇರಲಿ. ಕೆಸರುಗದ್ದೆಗಿಳಿದ ಟಿಲ್ಲರಿನ ಗಾಲಿಯ ಬಳಿ ಎಣ್ಣೆ ಒಸರುತ್ತಿದ್ದರೆ ಅಲ್ಲಿಂದಲೇ ಕೆಸರು ನೀರೂ ಒಳಗೆ ಹೋಗುತ್ತದೆ. ಆ ರಬ್ಬರು ಸೀಲನ್ನು ನೇಜಿಗೆ ಮೊದಲೇ ಬದಲಿಸಿಕೊಳ್ಳಿ.