ಮೇಲ್ಮನೆ ಇಲ್ಲದ ಸದನ

ಸ್ಕಾಟ್ಲೆಂಡ್ ಪಾರ್ಲಿಮೆಂಟ್ ಶುರುವಾಗಿದ್ದು 1999ರಲ್ಲಿ. ಸದಸ್ಯರು 129. ಮೇಲ್ಮನೆ ಇಲ್ಲ. ಹಾಗಾದ್ರೆ ಮಸೂದೆಯಲ್ಲಿ ತಪ್ಪಿದ್ದರೆ ಹಿಡಿಯೋರು ಯಾರು? ಸಮಿತಿಗಳು. ಮೊದಲ ಹಂತದಲ್ಲಿ ಮಸೂದೆಯ ಉದ್ದೇಶ ನೋಡ್ತಾರೆ, ತಜ್ಞರನ್ನು, ಜನರನ್ನು ಕರೆದು ಕೇಳ್ತಾರೆ. ಎರಡನೆಯದರಲ್ಲಿ ತಿದ್ದುಪಡಿ. ಮೂರನೆಯದರಲ್ಲಿ ಇಡೀ ಸದನದ ಮತ. ಇಂಜಿನಿಯರಿಂಗ್ ಓದಿದ ನನಗೆ ಇದು ಟೆಸ್ಟಿಂಗ್ ಥರಾನೇ ಕಾಣುತ್ತೆ.

ಆದರೆ ತೊಡಕು ಇಲ್ಲೇ ಇದೆ. ಸಮಿತಿಯ ಸೀಟು ಹಂಚಿಕೆ ಪಕ್ಷಗಳ ಬಲದ ಮೇಲೆ. 2011ರಲ್ಲಿ ಎಸ್‌ಎನ್‌ಪಿ 69 ಸ್ಥಾನ ಗೆದ್ದಾಗ ಹೆಚ್ಚಿನ ಸಮಿತಿಗಳಲ್ಲೂ ಅದರದ್ದೇ ಬಹುಮತ. ಪರೀಕ್ಷೆ ಬರೆದವರ ಕಡೆಯವರೇ ಮೌಲ್ಯಮಾಪಕರು!

ನಮ್ಮಲ್ಲಿ ಎರಡು ಮನೆ ಇವೆ. ಆದರೂ ಗದ್ದಲದ ನಡುವೆ ಮಸೂದೆ ಪಾಸಾಗೋದನ್ನ ನೀವೂ ನೋಡಿದ್ದೀರಿ. ಮನೆ ಎಷ್ಟಿದ್ದರೇನು? ಸ್ವಂತ ಪಕ್ಷದ ಸಚಿವರನ್ನೇ ಪ್ರಶ್ನಿಸೋ ಗಟ್ಟಿತನ ಒಳಗಿರೋರಿಗೆ ಬೇಕು.